ಎಕ್ಸೆಲ್‌ನಲ್ಲಿ ಚೀಟಿ ಎತ್ತುವುದು ಹೇಗೆ? ಸೂತ್ರ ಸುಲಭ, ಎಚ್ಚರ ಅಗತ್ಯ

ಬೆಂಗಳೂರು: ಅರ್ಜಿಗಳು ಇನ್ನೂರು, ಲಭ್ಯವಿರುವ ಸ್ಥಾನಗಳು ಹನ್ನೆರಡು. ಅರ್ಜಿದಾರರೆಲ್ಲರೂ ಸಮಾನ ಅರ್ಹರು. ಇಂಥ ಸಂದರ್ಭದಲ್ಲಿ ಚೀಟಿ ಎತ್ತುವುದೊಂದೇ ತಕರಾರಿಲ್ಲದ ದಾರಿ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಚೀಟಿಯ ಡಬ್ಬದ ಜಾಗವನ್ನು ಗಣಕಯಂತ್ರದ ಸ್ಪ್ರೆಡ್‌ಶೀಟ್ ಆಕ್ರಮಿಸಿದೆ. ವಸತಿ ಸಮುಚ್ಚಯದ ಕಾರು ನಿಲುಗಡೆ ಜಾಗದಿಂದ ಹಿಡಿದು ಕಚೇರಿಯ ಬಹುಮಾನ ಯೋಜನೆ, ಶಾಲೆಯ ಪ್ರವೇಶ, ಲೆಕ್ಕಪರಿಶೋಧನೆಗೆ ಬಿಲ್ಲುಗಳ ಆಯ್ಕೆಯವರೆಗೆ ಎಲ್ಲೆಡೆಯೂ ‘ಎಕ್ಸೆಲ್‌ನಲ್ಲಿ ತೆಗೆದೆವು’ ಎಂಬ ಉತ್ತರ ಕೇಳಿಬರುತ್ತದೆ.

ಗಣಕಯಂತ್ರಕ್ಕೆ ಪಕ್ಷಪಾತವಿಲ್ಲ ಎಂಬ ನಂಬಿಕೆ ಇದಕ್ಕೆ ಕಾರಣ. ಈ ನಂಬಿಕೆ ಅರ್ಧ ಮಾತ್ರ ನಿಜ. ಸೂತ್ರವನ್ನು ತಪ್ಪಾಗಿ ಬರೆದರೆ ಪಟ್ಟಿಯಲ್ಲಿರುವ ಕೆಲವರಿಗೆ ಅವಕಾಶವೇ ಇಲ್ಲದಂತಾಗುತ್ತದೆ. ಸೂತ್ರ ಸರಿಯಿದ್ದರೂ ಅದನ್ನು ಬಳಸುವ ಕ್ರಮ ಸರಿಯಿಲ್ಲದಿದ್ದರೆ ಬೇಕಾದವರನ್ನು ಆರಿಸಿಕೊಳ್ಳಲು ಸಾಧ್ಯವಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಪರದೆಯ ಮೇಲೆ ಯಾವ ದೋಷವೂ ಕಾಣಿಸುವುದಿಲ್ಲ. ವಂಚಿತರಾದವರಿಗೆ ತಾವು ವಂಚಿತರಾದೆವೆಂಬುದೂ ತಿಳಿಯುವುದಿಲ್ಲ.

ಈ ಹಿನ್ನೆಲೆಯಲ್ಲಿ, ಪಟ್ಟಿಯೊಂದರಿಂದ ಯಾದೃಚ್ಛಿಕವಾಗಿ ಹೆಸರುಗಳನ್ನು ಆರಿಸುವ ಸೂತ್ರಗಳು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಎಡವುತ್ತವೆ, ಆಯ್ಕೆಯನ್ನು ಎಲ್ಲರೂ ಒಪ್ಪುವಂತೆ ನಡೆಸುವುದು ಹೇಗೆ ಎಂಬ ವಿವರ ಇಲ್ಲಿದೆ. ಸೂತ್ರಗಳ ಹೆಸರುಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಗಣಕಯಂತ್ರದಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪು ಮಾಡಬೇಕು.

ಮಡಕೆಯಿಂದ ಗಣಕಕ್ಕೆ

ಚೀಟಿ ಎತ್ತುವ ಪದ್ಧತಿ ಹೊಸದಲ್ಲ. ತಮಿಳುನಾಡಿನ ಕಾಂಚೀಪುರ ಜಿಲ್ಲೆಯ ಉತ್ತರಮೇರೂರಿನಲ್ಲಿರುವ 10ನೇ ಶತಮಾನದ ಚೋಳರ ಶಾಸನವು ಗ್ರಾಮಸಭೆಯ ಸದಸ್ಯರನ್ನು ಆರಿಸುತ್ತಿದ್ದ ಕ್ರಮವನ್ನು ವಿವರಿಸುತ್ತದೆ. ಅರ್ಹರ ಹೆಸರುಗಳನ್ನು ತಾಳೆಗರಿಗಳ ಮೇಲೆ ಬರೆದು ಮಡಕೆಯೊಳಗೆ ಹಾಕಿ, ಸಭೆಯ ಸಮಕ್ಷಮದಲ್ಲಿ, ಒಳಗೇನಿದೆ ಎಂಬುದನ್ನು ಅರಿಯದ ಬಾಲಕನ ಕೈಯಿಂದ ಒಂದನ್ನು ಎತ್ತಿಸಲಾಗುತ್ತಿತ್ತು. ಅರ್ಹರ ಪಟ್ಟಿ ಮೊದಲೇ ಸಿದ್ಧವಾಗಿರಬೇಕು, ಎತ್ತುವವನಿಗೆ ಸ್ವಹಿತ ಇರಬಾರದು, ಎಲ್ಲವೂ ಎಲ್ಲರ ಕಣ್ಣೆದುರು ನಡೆಯಬೇಕು ಎಂಬ ಮೂರು ನಿಯಮಗಳು ಅಲ್ಲಿ ಅಡಗಿವೆ. ಸಾವಿರ ವರ್ಷಗಳ ನಂತರವೂ ಇವುಗಳಿಗೆ ಸೇರಿಸಬೇಕಾದದ್ದು ಹೆಚ್ಚೇನೂ ಇಲ್ಲ.

ಇಂದು ಇದೇ ಕೆಲಸ ಬೃಹತ್ ಪ್ರಮಾಣದಲ್ಲಿ ನಡೆಯುತ್ತಿದೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಮೀಸಲಾದ ಶೇ. 25ರಷ್ಟು ಸೀಟುಗಳಿಗೆ ರಾಜ್ಯದ ಶಿಕ್ಷಣ ಇಲಾಖೆ ಆನ್‌ಲೈನ್ ಲಾಟರಿಯ ಮೂಲಕ ಮಕ್ಕಳನ್ನು ಆರಿಸುತ್ತ ಬಂದಿದೆ. ಐದು ವರ್ಷ ಸ್ಥಗಿತಗೊಂಡಿದ್ದ ಕೈಲಾಸ ಮಾನಸ ಸರೋವರ ಯಾತ್ರೆ 2025ರಲ್ಲಿ ಪುನರಾರಂಭವಾದಾಗ, 5 ಸಾವಿರಕ್ಕೂ ಹೆಚ್ಚು ಅರ್ಜಿದಾರರಲ್ಲಿ 750 ಯಾತ್ರಿಕರನ್ನು ವಿದೇಶಾಂಗ ಸಚಿವಾಲಯ ಗಣಕಯಂತ್ರದ ಮೂಲಕವೇ ಆರಿಸಿತು. ಚುನಾವಣೆಗಳಲ್ಲಿ ಮತಗಟ್ಟೆ ಸಿಬ್ಬಂದಿಯನ್ನು ಯಾವ ಮತಗಟ್ಟೆಗೆ ಕಳುಹಿಸಬೇಕು ಎಂಬುದನ್ನೂ ಹಂತ ಹಂತವಾದ ಯಾದೃಚ್ಛಿಕ ಆಯ್ಕೆಯಿಂದಲೇ ನಿರ್ಧರಿಸಲಾಗುತ್ತದೆ.

ದೊಡ್ಡ ಸಂಸ್ಥೆಗಳಿಗೆ ಇದಕ್ಕಾಗಿಯೇ ರೂಪಿಸಿದ ತಂತ್ರಾಂಶಗಳಿವೆ. ನಿವಾಸಿಗಳ ಸಂಘ, ಸಹಕಾರ ಸಂಘ, ಶಾಲೆ, ಸಣ್ಣ ಕಚೇರಿಗಳ ಪಾಲಿಗೆ ಇರುವ ಸಾಧನ ಸ್ಪ್ರೆಡ್‌ಶೀಟ್ ಒಂದೇ.

ಮೊದಲ ಸೂತ್ರ

200 ಮನೆಗಳ ವಸತಿ ಸಮುಚ್ಚಯವೊಂದರಲ್ಲಿ ಹೊಸದಾಗಿ 12 ಕಾರು ನಿಲುಗಡೆ ಜಾಗಗಳು ಸಿದ್ಧವಾಗಿವೆ ಎಂದು ಊಹಿಸಿಕೊಳ್ಳಬಹುದು. ಎ ಕಾಲಂನ ಮೊದಲ ಸಾಲಿನಲ್ಲಿ ಶೀರ್ಷಿಕೆಯೂ 2ನೇ ಸಾಲಿನಿಂದ 201ನೇ ಸಾಲಿನವರೆಗೆ ಮನೆ ಸಂಖ್ಯೆಗಳೂ ಇವೆ.

ಒಂದೇ ಒಂದು ಹೆಸರು ಬೇಕಿದ್ದರೆ ಕೆಲಸ ಅತಿ ಸುಲಭ.

=ಇಂಡೆಕ್ಸ್(ಎ2:ಎ201, ರ್ಯಾಂಡ್‌ಬಿಟ್ವೀನ್(1, 200))

ಇಲ್ಲಿ ‘ರ್ಯಾಂಡ್‌ಬಿಟ್ವೀನ್’ 1 ಮತ್ತು 200 ಸೇರಿದಂತೆ ಅವುಗಳ ನಡುವಿನ ಯಾವುದಾದರೊಂದು ಪೂರ್ಣ ಸಂಖ್ಯೆಯನ್ನು ಕೊಡುತ್ತದೆ. ಆ ಸಂಖ್ಯೆ 57 ಎಂದಾದರೆ ‘ಇಂಡೆಕ್ಸ್’ ಪಟ್ಟಿಯ 57ನೇ ಹೆಸರನ್ನು ಎತ್ತಿ ತೋರಿಸುತ್ತದೆ. ಎಕ್ಸೆಲ್ 2003 ಹಾಗೂ ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ‘ರ್ಯಾಂಡ್‌ಬಿಟ್ವೀನ್’ ಬಳಸಲು ಅನಾಲಿಸಿಸ್ ಟೂಲ್‌ಪ್ಯಾಕ್ ಎಂಬ ಹೆಚ್ಚುವರಿ ಸೌಲಭ್ಯವನ್ನು ಸೇರಿಸಿಕೊಳ್ಳಬೇಕಿತ್ತು. 2007ರ ಆವೃತ್ತಿಯಿಂದ ಅದು ಎಕ್ಸೆಲ್‌ನ ಭಾಗವೇ ಆಗಿದೆ.

200 ಎಂದು ನೇರವಾಗಿ ಬರೆಯುವ ಬದಲು, ಭರ್ತಿಯಾದ ಕೋಶಗಳನ್ನು ಎಣಿಸುವ ‘ಕೌಂಟ್‌ಎ’ ಸೂತ್ರವನ್ನು ಬಳಸುವ ರೂಢಿಯೂ ಇದೆ. ಪಟ್ಟಿ ಬೆಳೆದಂತೆ ಸಂಖ್ಯೆಯೂ ತಾನಾಗಿ ಬೆಳೆಯುತ್ತದೆ ಎಂಬುದು ಇದರ ಲಾಭ. ಆದರೆ ಪಟ್ಟಿಯ ನಡುವೆ 3 ಸಾಲುಗಳು ಖಾಲಿ ಉಳಿದಿದ್ದರೆ ‘ಕೌಂಟ್‌ಎ’ 197 ಎಂದು ಎಣಿಸುತ್ತದೆ. ಆಗ ಕೊನೆಯ ಮೂರು ಸಾಲುಗಳಲ್ಲಿರುವವರ ಹೆಸರು ಎಷ್ಟು ಬಾರಿ ತೆಗೆದರೂ ಬರುವುದಿಲ್ಲ. ಖಾಲಿ ಸಾಲಿಗೆ ಸರದಿ ಬಂದರೆ ಪರದೆಯ ಮೇಲೆ ಹೆಸರಿನ ಬದಲು ಸೊನ್ನೆ ಕಾಣಿಸುತ್ತದೆ. ಪಟ್ಟಿಯಲ್ಲಿ ಖಾಲಿ ಸಾಲು ಇರಕೂಡದು ಎಂಬುದು ಮೊದಲ ಪಾಠ.

ಎಡವುವ ಜಾಗಗಳು

12 ಹೆಸರು ಬೇಕಾದಾಗ ಬಹುತೇಕರು ಮೇಲಿನ ಸೂತ್ರವನ್ನೇ ಕೆಳಕ್ಕೆ ಎಳೆದು 12 ಕೋಶಗಳಿಗೆ ನಕಲು ಮಾಡುತ್ತಾರೆ. ಇಲ್ಲಿ ಒಂದರ ಹಿಂದೆ ಒಂದರಂತೆ ಎರಡು ತಪ್ಪುಗಳಾಗುತ್ತವೆ.

ಮೊದಲನೆಯದು ಡಾಲರ್ ಚಿಹ್ನೆಯ ಕೊರತೆ. ಸೂತ್ರವನ್ನು ಕೆಳಕ್ಕೆ ಎಳೆದಾಗ ಅದರೊಳಗಿನ ವ್ಯಾಪ್ತಿಯೂ ಒಂದೊಂದು ಸಾಲು ಕೆಳಗಿಳಿಯುತ್ತದೆ. ಎ2:ಎ201 ಎಂದಿದ್ದದ್ದು ಮುಂದಿನ ಕೋಶದಲ್ಲಿ ಎ3:ಎ202 ಆಗುತ್ತದೆ, ಹನ್ನೆರಡನೆಯ ಕೋಶದಲ್ಲಿ ಎ13:ಎ212 ಆಗುತ್ತದೆ. ಅಲ್ಲಿಗೆ ಪಟ್ಟಿಯ ಮೊದಲ 11 ಹೆಸರುಗಳು ಆ ಸುತ್ತಿನಿಂದ ಹೊರಬಿದ್ದಂತೆ. ವ್ಯಾಪ್ತಿಯನ್ನು ಎ$2:ಎ$201 ಎಂದು ಡಾಲರ್ ಚಿಹ್ನೆಯೊಡನೆ ಬರೆದರೆ ಅದು ಕದಲುವುದಿಲ್ಲ.

ಎರಡನೆಯದು ಪುನರಾವರ್ತನೆ. ‘ರ್ಯಾಂಡ್‌ಬಿಟ್ವೀನ್’ ಸೂತ್ರಕ್ಕೆ ನೆನಪಿಲ್ಲ. ಎತ್ತಿದ ಚೀಟಿಯನ್ನು ಮತ್ತೆ ಡಬ್ಬಕ್ಕೆ ಹಾಕಿ ಮುಂದಿನದನ್ನು ಎತ್ತಿದ ಹಾಗೆ ಅದು ವರ್ತಿಸುತ್ತದೆ. 200 ಹೆಸರುಗಳಿಂದ ಈ ರೀತಿ 12 ಬಾರಿ ಎತ್ತಿದರೆ ಒಂದು ಹೆಸರಾದರೂ ಎರಡು ಬಾರಿ ಬರುವ ಸಾಧ್ಯತೆ ಶೇ. 29ರಷ್ಟು. 23 ಜನರಿರುವ ಕೋಣೆಯಲ್ಲಿ ಇಬ್ಬರ ಜನ್ಮದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಎಂಬ ಪ್ರಸಿದ್ಧ ಲೆಕ್ಕದ ಇನ್ನೊಂದು ಮುಖ ಇದು.

ಮೂರನೆಯ ತಪ್ಪು ಇನ್ನೂ ಸೂಕ್ಷ್ಮವಾದದ್ದು. ‘ರ್ಯಾಂಡ್’ ಸೂತ್ರವು ಸೊನ್ನೆಯಿಂದ ಆರಂಭಿಸಿ ಒಂದಕ್ಕಿಂತ ಕಡಿಮೆಯ ದಶಮಾಂಶ ಸಂಖ್ಯೆಯೊಂದನ್ನು ಕೊಡುತ್ತದೆ. ಅದನ್ನು 1ರಿಂದ 200ರ ಪೂರ್ಣ ಸಂಖ್ಯೆಯಾಗಿಸಲು ಕೆಲವರು ‘ರೌಂಡ್(ರ್ಯಾಂಡ್()*199+1, 0)’ ಎಂದು ಬರೆಯುತ್ತಾರೆ. ನೋಡಲು ಸರಿಯೆನಿಸುತ್ತದೆ. ಆದರೆ 2 ಎಂಬ ಉತ್ತರ ಬರಲು 1.5ರಿಂದ 2.5ರವರೆಗೆ ಒಂದು ಪೂರ್ತಿ ಅಳತೆಯ ಜಾಗವಿದ್ದರೆ, 1 ಎಂಬ ಉತ್ತರಕ್ಕೆ 1ರಿಂದ 1.5ರವರೆಗೆ ಅರ್ಧ ಅಳತೆಯ ಜಾಗ ಮಾತ್ರ ಇದೆ. 200ರ ಪಾಡೂ ಅದೇ. ಪಟ್ಟಿಯ ಮೊದಲಿಗರಿಗೂ ಕೊನೆಯವರಿಗೂ ಉಳಿದವರ ಅರ್ಧದಷ್ಟು ಅವಕಾಶ ಮಾತ್ರ ಸಿಗುತ್ತದೆ. ‘ಇಂಟ್(ರ್ಯಾಂಡ್()*200)+1’ ಎಂಬುದು ಸರಿಯಾದ ರೂಪ.

ಸುರಕ್ಷಿತ ಮಾರ್ಗ

ಈ ಎಲ್ಲ ತೊಡಕುಗಳಿಂದ ಪಾರಾಗುವ ವಿಧಾನ ಹಳೆಯದು, ಸರಳವಾದದ್ದು. ಹೆಸರುಗಳನ್ನು ಒಂದೊಂದಾಗಿ ಎತ್ತುವ ಬದಲು ಇಡೀ ಪಟ್ಟಿಯನ್ನೇ ಕಲಕಿ, ಮೇಲಿನ 12 ಹೆಸರುಗಳನ್ನು ತೆಗೆದುಕೊಳ್ಳುವುದು.

ಬಿ ಕಾಲಂನಲ್ಲಿ ಪ್ರತಿ ಹೆಸರಿನ ಮುಂದೆಯೂ =ರ್ಯಾಂಡ್() ಎಂದು ಬರೆಯಬೇಕು. ಪ್ರತಿಯೊಬ್ಬರಿಗೂ ಒಂದೊಂದು ದಶಮಾಂಶ ಸಂಖ್ಯೆ ದೊರೆಯುತ್ತದೆ. ನಂತರ ಬಿ ಕಾಲಂ ಅನ್ನು ಪೂರ್ತಿ ನಕಲು ಮಾಡಿ, ಅದೇ ಜಾಗದಲ್ಲಿ ‘ಪೇಸ್ಟ್ ಸ್ಪೆಷಲ್’ ಆಯ್ಕೆಯ ‘ವ್ಯಾಲ್ಯೂಸ್’ ಮೂಲಕ ಅಂಟಿಸಬೇಕು. ಇದರಿಂದ ಸೂತ್ರಗಳು ಅಳಿದು ಸಂಖ್ಯೆಗಳು ಮಾತ್ರ ಉಳಿಯುತ್ತವೆ. ಕೊನೆಗೆ ಎರಡೂ ಕಾಲಂಗಳನ್ನು ಒಟ್ಟಿಗೆ ಆಯ್ದು, ಬಿ ಕಾಲಂನ ಸಂಖ್ಯೆಗಳ ಏರಿಕೆ ಕ್ರಮದಲ್ಲಿ ಜೋಡಿಸಬೇಕು. ಮೇಲಿನ 12 ಹೆಸರುಗಳೇ ಆಯ್ಕೆಯಾದವರು.

ಪ್ರತಿ ಹೆಸರೂ ಪಟ್ಟಿಯಲ್ಲಿ ಒಮ್ಮೆ ಮಾತ್ರ ಇರುವುದರಿಂದ ಪುನರಾವರ್ತನೆಯ ಪ್ರಶ್ನೆಯೇ ಇಲ್ಲ. ಮೇಲಾಗಿ 13ನೇ ಹೆಸರಿನಿಂದ ಮುಂದಕ್ಕೆ ಕಾಯುವವರ ಪಟ್ಟಿಯೂ ತಾನಾಗಿ ಸಿದ್ಧವಾಗುತ್ತದೆ. ಆಯ್ಕೆಯಾದವರಲ್ಲಿ ಒಬ್ಬರು ಹಿಂದೆ ಸರಿದರೆ ಮತ್ತೊಮ್ಮೆ ಚೀಟಿ ಎತ್ತಬೇಕಾಗಿಲ್ಲ.

ಈ ವಿಧಾನದಲ್ಲಿಯೂ ಎರಡು ಎಚ್ಚರಿಕೆ ಬೇಕು. ಬಿ ಕಾಲಂ ಒಂದನ್ನೇ ಆಯ್ದು ಜೋಡಿಸಿದರೆ ಸಂಖ್ಯೆಗಳು ಮಾತ್ರ ಸ್ಥಳ ಬದಲಿಸುತ್ತವೆ, ಹೆಸರುಗಳು ಇದ್ದಲ್ಲಿಯೇ ಇರುತ್ತವೆ. ಆಗ ಮೂಲ ಪಟ್ಟಿಯ ಮೊದಲ 12 ಮಂದಿಯೇ ‘ಆಯ್ಕೆ’ಯಾಗುತ್ತಾರೆ. ಅಲ್ಲದೆ ‘ರ್ಯಾಂಡ್’ ಬದಲು ‘ರ್ಯಾಂಡ್‌ಬಿಟ್ವೀನ್(1, 100)’ ಎಂದು ಬರೆದರೆ 200 ಜನರಲ್ಲಿ ಹಲವರಿಗೆ ಒಂದೇ ಸಂಖ್ಯೆ ಬರುವುದು ಖಚಿತ. ಸಂಖ್ಯೆ ಸಮನಾದವರನ್ನು ಗಣಕವು ಪಟ್ಟಿಯಲ್ಲಿ ಮೊದಲಿದ್ದ ಕ್ರಮದಲ್ಲಿಯೇ ಇಡುತ್ತದೆ. ಪರಿಣಾಮವಾಗಿ ಪಟ್ಟಿಯ ಮೇಲ್ಭಾಗದವರಿಗೆ ಅನುಕೂಲವಾಗುತ್ತದೆ. ‘ರ್ಯಾಂಡ್’ ಕೊಡುವ ಉದ್ದನೆಯ ದಶಮಾಂಶ ಸಂಖ್ಯೆಗಳಲ್ಲಿ ಇಬ್ಬರಿಗೆ ಒಂದೇ ಬರುವ ಸಾಧ್ಯತೆ ನಗಣ್ಯ.

ಪಟ್ಟಿಯನ್ನು ಕದಲಿಸದೆ ಬೇರೊಂದು ಕಾಲಂನಲ್ಲಿ ಫಲಿತಾಂಶ ಬೇಕೆನ್ನುವವರು ಸಿ2 ಕೋಶದಲ್ಲಿ ಈ ಸೂತ್ರವನ್ನು ಬರೆದು 12 ಸಾಲು ಕೆಳಗೆಳೆಯಬಹುದು.

=ಇಂಡೆಕ್ಸ್(ಎ$2:ಎ$201, ಮ್ಯಾಚ್(ಸ್ಮಾಲ್(ಬಿ$2:ಬಿ$201, ರೋಸ್(ಸಿ$2:ಸಿ2)), ಬಿ$2:ಬಿ$201, 0))

‘ಸ್ಮಾಲ್’ ಬಿ ಕಾಲಂನ ಅತಿ ಸಣ್ಣ ಸಂಖ್ಯೆಯನ್ನು, ಮುಂದಿನ ಸಾಲಿನಲ್ಲಿ ಅದಕ್ಕಿಂತ ದೊಡ್ಡದನ್ನು, ಹೀಗೆ ಒಂದೊಂದಾಗಿ ಹುಡುಕುತ್ತದೆ. ‘ಮ್ಯಾಚ್’ ಅದು ಎಷ್ಟನೇ ಸಾಲಿನಲ್ಲಿದೆ ಎಂಬುದನ್ನು ತಿಳಿಸುತ್ತದೆ. ‘ಇಂಡೆಕ್ಸ್’ ಆ ಸಾಲಿನ ಹೆಸರನ್ನು ತರುತ್ತದೆ.

ಎಕ್ಸೆಲ್ 2021 ಅಥವಾ ಮೈಕ್ರೋಸಾಫ್ಟ್ 365 ಹೊಂದಿರುವವರಿಗೆ ಒಂದೇ ಸಾಲಿನ ಸೂತ್ರ ಸಾಕು.

=ಇಂಡೆಕ್ಸ್(ಸಾರ್ಟ್‌ಬೈ(ಎ2:ಎ201, ರ್ಯಾಂಡ್‌ಅರೇ(200)), ಸೀಕ್ವೆನ್ಸ್(12))

‘ರ್ಯಾಂಡ್‌ಅರೇ’ ಒಮ್ಮೆಗೇ 200 ಸಂಖ್ಯೆಗಳನ್ನು ಕೊಟ್ಟರೆ, ‘ಸಾರ್ಟ್‌ಬೈ’ ಅವುಗಳ ಕ್ರಮದಲ್ಲಿ ಪಟ್ಟಿಯನ್ನು ಕಲಕುತ್ತದೆ. ‘ಸೀಕ್ವೆನ್ಸ್’ 1ರಿಂದ 12ರವರೆಗಿನ ಸಾಲುಗಳನ್ನು ಕೇಳುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಸೂತ್ರವನ್ನೇ ಬರೆಯದೆ ‘ಡೇಟಾ’ ಪಟ್ಟಿಯಲ್ಲಿರುವ ‘ರ್ಯಾಂಡಮೈಸ್ ರೇಂಜ್’ ಆಯ್ಕೆಯಿಂದ ಹೆಸರುಗಳನ್ನು ಕಲಕಬಹುದು.

ಎಫ್9 ಎಂಬ ಗುಂಡಿ

ಈ ಸೂತ್ರಗಳ ಅತಿ ಮುಖ್ಯ ಲಕ್ಷಣವೇ ಅವುಗಳ ಅತಿ ದೊಡ್ಡ ದೌರ್ಬಲ್ಯ. ಹಾಳೆಯಲ್ಲಿ ಎಲ್ಲಿಯಾದರೂ ಏನನ್ನಾದರೂ ಬರೆದು ಎಂಟರ್ ಒತ್ತಿದೊಡನೆ ಎಲ್ಲ ಯಾದೃಚ್ಛಿಕ ಸಂಖ್ಯೆಗಳೂ ಬದಲಾಗುತ್ತವೆ. ಎಫ್9 ಗುಂಡಿ ಒತ್ತಿದರೂ ಅಷ್ಟೇ. ಬೆಳಿಗ್ಗೆ ಘೋಷಿಸಿದ ವಿಜೇತರು ಮಧ್ಯಾಹ್ನ ಕಡತ ತೆರೆಯುವಷ್ಟರಲ್ಲಿ ಬೇರೆಯೇ ಆಗಿರುತ್ತಾರೆ. ಸಂಖ್ಯೆಗಳನ್ನು ‘ವ್ಯಾಲ್ಯೂಸ್’ ಆಗಿ ಅಂಟಿಸಬೇಕು ಎಂದು ಹೇಳುವುದು ಈ ಕಾರಣಕ್ಕೆ. ಲಿಬ್ರೆಆಫೀಸ್ ತಂತ್ರಾಂಶವು 2020ರ ತನ್ನ 7.0 ಆವೃತ್ತಿಯಲ್ಲಿ, ಹೀಗೆ ತಾನಾಗಿ ಬದಲಾಗದ ‘ರ್ಯಾಂಡ್.ಎನ್‌ವಿ’ ಎಂಬ ಪ್ರತ್ಯೇಕ ಸೂತ್ರವನ್ನೇ ಸೇರಿಸಿತು.

ಇದು ಅನುಕೂಲದ ಪ್ರಶ್ನೆ ಮಾತ್ರವಲ್ಲ, ಪ್ರಾಮಾಣಿಕತೆಯ ಪ್ರಶ್ನೆಯೂ ಹೌದು. 200ರಲ್ಲಿ 12 ಎಂದರೆ ಪ್ರತಿ ಮನೆಗೂ ಶೇ. 6ರಷ್ಟು ಅವಕಾಶ. ಸಂಘದ ಪದಾಧಿಕಾರಿಯೊಬ್ಬರು ಬಾಗಿಲು ಹಾಕಿಕೊಂಡು ತಮ್ಮ ಮನೆಯ ಸಂಖ್ಯೆ ಕಾಣುವವರೆಗೆ ಎಫ್9 ಒತ್ತುತ್ತಾ ಹೋದರೆ, 12 ಬಾರಿ ಒತ್ತುವಷ್ಟರಲ್ಲಿ ಅವರ ಹೆಸರು ಒಮ್ಮೆಯಾದರೂ ಬಂದಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಅದಕ್ಕೆ ತಗಲುವ ಸಮಯ ಅರ್ಧ ನಿಮಿಷವೂ ಅಲ್ಲ. ಎಷ್ಟು ಬಾರಿ ಒತ್ತಲಾಯಿತು ಎಂಬ ದಾಖಲೆ ಕಡತದಲ್ಲಿ ಉಳಿಯುವುದಿಲ್ಲ. ಸೂತ್ರವನ್ನು ಯಾವ ತಜ್ಞರು ಪರಿಶೀಲಿಸಿದರೂ ಅದರಲ್ಲಿ ತಪ್ಪು ಸಿಗದು, ಏಕೆಂದರೆ ಸೂತ್ರದಲ್ಲಿ ತಪ್ಪಿರುವುದೇ ಇಲ್ಲ.

ಗಣಕ ಕೊಡುವ ಈ ಸಂಖ್ಯೆಗಳು ನಿಜಕ್ಕೂ ಯಾದೃಚ್ಛಿಕವೇ ಎಂಬ ಅನುಮಾನವೂ ಸಹಜ. ಅವು ಗಣಿತದ ಲೆಕ್ಕಾಚಾರದಿಂದ ಹುಟ್ಟುವ, ಯಾದೃಚ್ಛಿಕದಂತೆ ತೋರುವ ಸಂಖ್ಯೆಗಳು. ಎಕ್ಸೆಲ್ 2003ರಲ್ಲಿ ಅಳವಡಿಸಿದ ಹೊಸ ವಿಧಾನವು ಆರಂಭದಲ್ಲಿ ಕೆಲವೊಮ್ಮೆ ಋಣ ಸಂಖ್ಯೆಗಳನ್ನು ಕೊಟ್ಟು ಮುಜುಗರ ಉಂಟುಮಾಡಿತ್ತು. ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು. 2010ರ ಆವೃತ್ತಿಯಿಂದ ಜಪಾನಿನ ಗಣಿತಜ್ಞರಾದ ಮಕೋಟೊ ಮತ್ಸುಮೊಟೊ ಮತ್ತು ತಕುಜಿ ನಿಶಿಮುರಾ ರೂಪಿಸಿದ ‘ಮರ್ಸೆನ್ ಟ್ವಿಸ್ಟರ್’ ವಿಧಾನ ಬಳಕೆಗೆ ಬಂದಿತು. ನಿಲುಗಡೆ ಜಾಗ ಅಥವಾ ಬಹುಮಾನದ ಆಯ್ಕೆಗೆ ಇದು ಸಾಕಷ್ಟು ಉತ್ತಮ. ಗುಪ್ತಸಂಕೇತ, ಪಾಸ್‌ವರ್ಡ್ ಮುಂತಾದ ಭದ್ರತೆಯ ಕೆಲಸಗಳಿಗೆ ಮಾತ್ರ ಇದನ್ನು ಬಳಸಬಾರದು.

ಇತಿಹಾಸದ ಪಾಠಗಳು

ಕಲಕುವ ಕೆಲಸ ಸರಿಯಾಗಿ ಆಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಎರಡು ನಿದರ್ಶನಗಳಿವೆ.

ವಿಯೆಟ್ನಾಂ ಯುದ್ಧಕ್ಕೆ ಯುವಕರನ್ನು ಕಳುಹಿಸಲು 1969ರ ಡಿಸೆಂಬರ್ 1ರಂದು ಅಲ್ಲಿ ಜನ್ಮದಿನಗಳ ಚೀಟಿ ಎತ್ತಲಾಯಿತು. ವರ್ಷದ 366 ದಿನಾಂಕಗಳನ್ನು ಪ್ಲಾಸ್ಟಿಕ್ ಗುಳಿಗೆಗಳಲ್ಲಿಟ್ಟು, ಒಂದೊಂದೇ ತಿಂಗಳಿನಂತೆ ಪೆಟ್ಟಿಗೆಗೆ ಹಾಕಲಾಗಿತ್ತು. ಕಲಕುವ ಕೆಲಸ ಸಾಲದಾಯಿತು. ವರ್ಷದ ಕೊನೆಯ ತಿಂಗಳುಗಳ ಗುಳಿಗೆಗಳು ಬೇಗ ಕೈಗೆ ಸಿಕ್ಕವು. ಸೇನೆಗೆ ಕರೆ ಹೋದದ್ದು 195ನೇ ಕ್ರಮಾಂಕದವರೆಗೆ. ಡಿಸೆಂಬರ್ ತಿಂಗಳ 31 ದಿನಾಂಕಗಳ ಪೈಕಿ 26 ಆ ಮಿತಿಯೊಳಗೆ ಬಿದ್ದಿದ್ದವು. ಹುಟ್ಟಿದ ತಿಂಗಳು ಯಾವುದೆಂಬುದು ಯುದ್ಧಭೂಮಿಯ ದಾರಿಯನ್ನು ನಿರ್ಧರಿಸುವಂತಾಗಿತ್ತು. ಸಂಖ್ಯಾಶಾಸ್ತ್ರಜ್ಞರ ಟೀಕೆಯ ನಂತರ ಮರುವರ್ಷ ವಿಧಾನವನ್ನು ಬದಲಿಸಲಾಯಿತು.

ಎರಡನೆಯದು ಗಣಕಯಂತ್ರದ ತಪ್ಪು. ಅಮೆರಿಕದ ವಲಸೆ ವೀಸಾ ಲಾಟರಿಯಲ್ಲಿ ಸುಮಾರು 22 ಸಾವಿರ ಮಂದಿ ಆಯ್ಕೆಯಾಗಿದ್ದಾರೆಂದು 2011ರ ಮೇ ತಿಂಗಳಲ್ಲಿ ಪ್ರಕಟಿಸಲಾಗಿತ್ತು. ಆಯ್ಕೆಯಾದವರಲ್ಲಿ ಶೇ. 90ಕ್ಕೂ ಹೆಚ್ಚು ಜನ ಅರ್ಜಿ ಸ್ವೀಕಾರದ ಮೊದಲ ಎರಡೇ ದಿನಗಳಲ್ಲಿ ಅರ್ಜಿ ಹಾಕಿದವರೆಂಬುದು ನಂತರ ಬೆಳಕಿಗೆ ಬಂದಿತು. ತಂತ್ರಾಂಶದ ದೋಷದಿಂದ ಪಟ್ಟಿಯ ಮೇಲ್ಭಾಗಕ್ಕೇ ಮಣೆ ಬಿದ್ದಿತ್ತು. ಫಲಿತಾಂಶವನ್ನು ರದ್ದುಪಡಿಸಿ ಜುಲೈನಲ್ಲಿ ಹೊಸದಾಗಿ ಆಯ್ಕೆ ನಡೆಸಲಾಯಿತು. ಶುಭವಾರ್ತೆ ಪಡೆದಿದ್ದ ಸಾವಿರಾರು ಕುಟುಂಬಗಳ ಆಸೆ ಎರಡೇ ವಾರಗಳಲ್ಲಿ ಮಣ್ಣುಗೂಡಿತು.

ಪಟ್ಟಿಯೇ ಅಪೂರ್ಣವಾದರೆ ಯಾವ ಸೂತ್ರವೂ ಕಾಪಾಡದು. 2020ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಕೋವಿಡ್ ಲೆಕ್ಕದಿಂದ 15,841 ಪ್ರಕರಣಗಳು ಬಿಟ್ಟುಹೋಗಿದ್ದವು. ಎಕ್ಸೆಲ್‌ನ ಹಳೆಯ ಕಡತ ಮಾದರಿಯಲ್ಲಿ 65,536 ಸಾಲುಗಳಿಗಿಂತ ಹೆಚ್ಚಿಗೆ ಜಾಗವಿಲ್ಲದಿದ್ದುದೇ ಇದಕ್ಕೆ ಕಾರಣ. ಹೊಸ ಮಾದರಿಯಲ್ಲಿ ಈ ಮಿತಿ 10,48,576 ಸಾಲುಗಳಷ್ಟಿದೆ.

ಪಟ್ಟಿಯ ಶುದ್ಧಿ

ಒಬ್ಬರ ಹೆಸರು ಎರಡು ಬಾರಿ ಇದ್ದರೆ ಅವರಿಗೆ ಎರಡು ಪಟ್ಟು ಅವಕಾಶ. ಕನ್ನಡಿಗರ ಹೆಸರುಗಳಲ್ಲಿ ಈ ಸಮಸ್ಯೆ ಹೆಚ್ಚು. ‘ಶ್ರೀನಿವಾಸ’, ‘ಶ್ರೀನಿವಾಸ್’, ‘ಶ್ರೀನಿವಾಸಯ್ಯ’ ಒಬ್ಬರೇ ಆಗಿರಬಹುದು, ಮೂವರೂ ಆಗಿರಬಹುದು. ಇಂಗ್ಲಿಷಿನಲ್ಲಿ ಬರೆದಾಗ ಕಾಗುಣಿತದ ವೈವಿಧ್ಯ ಇನ್ನಷ್ಟು ಹೆಚ್ಚುತ್ತದೆ, ಇನಿಶಿಯಲ್ ಹಿಂದೆ ಮುಂದೆ ಆಗುತ್ತದೆ. ಆದ್ದರಿಂದ ಹೆಸರನ್ನು ನಂಬದೆ ಮನೆ ಸಂಖ್ಯೆ, ಅರ್ಜಿ ಸಂಖ್ಯೆ ಅಥವಾ ಸದಸ್ಯತ್ವ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಳ್ಳುವುದು ಲೇಸು. ‘ಕೌಂಟ್‌ಇಫ್’ ಸೂತ್ರದಿಂದ ಒಂದೇ ಸಂಖ್ಯೆ ಎಷ್ಟು ಬಾರಿ ಬಂದಿದೆ ಎಂಬುದನ್ನು ಪತ್ತೆ ಹಚ್ಚಬಹುದು. ಕಣ್ಣಿಗೆ ಕಾಣದ ಖಾಲಿ ಜಾಗಗಳನ್ನು ‘ಟ್ರಿಮ್’ ಸೂತ್ರ ತೆಗೆದುಹಾಕುತ್ತದೆ.

ಮೀಸಲಾತಿ ಅಥವಾ ವರ್ಗವಾರು ಸ್ಥಾನಗಳಿದ್ದರೆ ಪ್ರತಿ ವರ್ಗಕ್ಕೂ ಪ್ರತ್ಯೇಕ ಹಾಳೆ ಮಾಡಿ ಪ್ರತ್ಯೇಕವಾಗಿಯೇ ಎತ್ತಬೇಕು.

‘ನಮ್ಮ ಬ್ಲಾಕಿಗೇಕೆ ಸಿಗಲಿಲ್ಲ?’

ಎಲ್ಲವೂ ಸರಿಯಾಗಿ ನಡೆದಾಗಲೂ ದೂರುಗಳು ತಪ್ಪುವುದಿಲ್ಲ. ಮೇಲಿನ ಉದಾಹರಣೆಯ 200 ಮನೆಗಳು ತಲಾ 20 ಮನೆಗಳ 10 ಬ್ಲಾಕುಗಳಲ್ಲಿ ಹಂಚಿವೆ ಎಂದಾದರೆ, ಹನ್ನೆರಡು ಜಾಗಗಳಲ್ಲಿ ಪ್ರತಿ ಬ್ಲಾಕಿಗೂ ಕನಿಷ್ಠ ಒಂದು ಬರಬೇಕೆಂದು ನಿವಾಸಿಗಳು ನಿರೀಕ್ಷಿಸುತ್ತಾರೆ. ಒಂದು ಬ್ಲಾಕಿಗೆ ಮೂರು ಬಂದು ಇನ್ನೊಂದಕ್ಕೆ ಏನೂ ಬಾರದಿದ್ದರೆ ಮೋಸ ನಡೆದಿದೆ ಎಂಬ ಗುಸುಗುಸು ಆರಂಭವಾಗುತ್ತದೆ.

ಲೆಕ್ಕ ಹೇಳುವುದು ಬೇರೆ. ನ್ಯಾಯಯುತ ಆಯ್ಕೆಯಲ್ಲಿ ಹತ್ತೂ ಬ್ಲಾಕುಗಳಿಗೆ ತಲಾ ಒಂದಾದರೂ ಸಿಗುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಎಲ್ಲ ಬ್ಲಾಕುಗಳಿಗೂ ಅಚ್ಚುಕಟ್ಟಾಗಿ ಹಂಚಿಕೆಯಾಗಿದ್ದರೆ ಅದನ್ನೇ ಅನುಮಾನದಿಂದ ನೋಡಬೇಕಾಗುತ್ತದೆ. ಸಮಾನ ಅವಕಾಶವೆಂದರೆ ಸಮಾನ ಹಂಚಿಕೆ ಅಲ್ಲ. ಬ್ಲಾಕುವಾರು ಹಂಚಿಕೆಯೇ ಬೇಕೆಂದಿದ್ದರೆ ಅದನ್ನು ನಿಯಮವಾಗಿ ಮೊದಲೇ ಪ್ರಕಟಿಸಬೇಕು. ಫಲಿತಾಂಶ ಬಂದ ಮೇಲೆ ‘ಸರಿದೂಗಿಸಲು’ ಹೊರಟರೆ ಅದು ಚೀಟಿ ಎತ್ತಿದಂತಾಗುವುದಿಲ್ಲ.

ಬಹಿರಂಗವೇ ಬಲ

ಮತಯಂತ್ರಗಳ ಎಣಿಕೆಯನ್ನು ವಿವಿಪ್ಯಾಟ್ ಚೀಟಿಗಳೊಡನೆ ತಾಳೆ ನೋಡಲು ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಮತಗಟ್ಟೆಗಳನ್ನು ಆರಿಸಬೇಕೆಂದು ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ಆದೇಶಿಸಿತು. ಕರ್ನಾಟಕದ 224 ಕ್ಷೇತ್ರಗಳಿಗೆ ಇದು 1,120 ಮತಗಟ್ಟೆಗಳಾಗುತ್ತವೆ. ಈ ಮತಗಟ್ಟೆಗಳನ್ನು ಅಭ್ಯರ್ಥಿಗಳ ಅಥವಾ ಅವರ ಏಜೆಂಟರ ಎದುರಿನಲ್ಲಿ ಕಾಗದದ ಚೀಟಿ ಎತ್ತಿಯೇ ನಿರ್ಧರಿಸಲಾಗುತ್ತದೆ. ಸೋತವರೂ ಒಪ್ಪಬೇಕಾದ ಕಡೆ, ಕಣ್ಣಿಗೆ ಕಾಣುವ ವಿಧಾನಕ್ಕೆ ಇರುವ ಬೆಲೆ ಇದರಿಂದ ತಿಳಿಯುತ್ತದೆ.

ಸ್ಪ್ರೆಡ್‌ಶೀಟ್ ಬಳಸುವ ಸಂಘ-ಸಂಸ್ಥೆಗಳೂ ಇದೇ ತತ್ವವನ್ನು ಅನುಸರಿಸಬಹುದು. ಅದಕ್ಕೆ ಬೇಕಾದ ಕ್ರಮಗಳು ಇಷ್ಟೇ:

* ಅರ್ಹರ ಪಟ್ಟಿಯನ್ನು ಕ್ರಮಸಂಖ್ಯೆಯೊಡನೆ ಕೆಲವು ದಿನ ಮೊದಲೇ ಸೂಚನಾ ಫಲಕದಲ್ಲಿ ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸಬೇಕು. ನಂತರ ಪಟ್ಟಿಯನ್ನು ಬದಲಿಸಕೂಡದು.

* ಎಷ್ಟು ಸ್ಥಾನಗಳು, ಯಾವ ಸೂತ್ರ, ಯಾವ ದಿನ, ಯಾವ ಹೊತ್ತು ಎಂಬುದನ್ನು ಲಿಖಿತವಾಗಿ ತಿಳಿಸಬೇಕು.

* ಆಯ್ಕೆಯನ್ನು ಅರ್ಜಿದಾರರ ಎದುರಿಗೆ ದೊಡ್ಡ ಪರದೆಯ ಮೇಲೆ ನಡೆಸಬೇಕು. ಎಫ್9 ಒಂದೇ ಬಾರಿ ಒತ್ತಲಾಗುವುದು ಎಂದು ಮೊದಲೇ ಘೋಷಿಸಬೇಕು. ಒತ್ತುವವರು ಅರ್ಜಿದಾರರಾಗಿರಬಾರದು.

* ಸಂಖ್ಯೆಗಳನ್ನು ತಕ್ಷಣವೇ ‘ವ್ಯಾಲ್ಯೂಸ್’ ಆಗಿ ಅಂಟಿಸಿ, ಇಡೀ ಪಟ್ಟಿಯನ್ನು ಕಾಯುವವರ ಸಮೇತ ಮುದ್ರಿಸಿ, ಹಾಜರಿದ್ದ ಇಬ್ಬರು ಮೂವರ ಸಹಿ ಪಡೆಯಬೇಕು.

* ಮೂಲ ಕಡತವನ್ನೂ ಫಲಿತಾಂಶದ ಕಡತವನ್ನೂ ಪ್ರತ್ಯೇಕವಾಗಿ ಕಾದಿರಿಸಿ, ಕೇಳಿದವರಿಗೆ ತೋರಿಸಬೇಕು.

ಸೀಟು ಸಿಗದ ಮಗುವಿನ ಪೋಷಕರಿಗೂ ಜಾಗ ಸಿಗದ ಮನೆಯವರಿಗೂ ನಿರಾಸೆ ಆಗಿಯೇ ಆಗುತ್ತದೆ. ಆ ನಿರಾಸೆ ಅನುಮಾನವಾಗಿ ಬೆಳೆಯದಂತೆ ತಡೆಯುವುದು ಆಯ್ಕೆ ನಡೆಸುವವರ ಕೈಯಲ್ಲಿದೆ. ಅರ್ಜಿ ಹಾಕಿದವರೂ ಫಲಿತಾಂಶ ಬಂದ ಮೇಲೆ ದೂರುವ ಬದಲು, ಪಟ್ಟಿಯನ್ನು ಯಾವಾಗ ಅಂತಿಮಗೊಳಿಸಲಾಯಿತು, ಸೂತ್ರದಲ್ಲಿ ಎಲ್ಲ ಸಾಲುಗಳೂ ಸೇರಿವೆಯೇ, ಗುಂಡಿಯನ್ನು ಎಷ್ಟು ಬಾರಿ, ಯಾರೆದುರು ಒತ್ತಲಾಗುವುದು ಎಂಬ ಪ್ರಶ್ನೆಗಳನ್ನು ಮೊದಲೇ ಕೇಳುವುದು ಒಳಿತು. ಇದಕ್ಕೆ ಗಣಕಯಂತ್ರದ ಪಾಂಡಿತ್ಯವೇನೂ ಬೇಕಿಲ್ಲ.